ಪಕ್ಕದ ಮನೆಯಲ್ಲಿ ಕರೆಂಟು ಇದೆಯೇ?

ರಾತ್ರಿ ಊಟದ ಹೊತ್ತಿಗೆ ಫಕ್ಕನೆ ದೀಪ ಆರಿತು ಅನ್ನಿ. ಮನೆಯೊಳಗಿಂದ ಬರುವ ಮೊದಲ ಮಾತು ಒಂದೇ: ‘ಪಕ್ಕದ ಮನೇಲಿ ಇದೆಯಾ ನೋಡು.’ ಪಕ್ಕದ ಮನೆಯಲ್ಲಿ ಬೆಳಕಿದ್ದರೆ ದೋಷ ತಮ್ಮ ಮನೆಯ ಫ್ಯೂಸಿನಲ್ಲಿ. ಅಲ್ಲೂ ಕತ್ತಲೆ, ಎದುರು ಸಾಲಿನಲ್ಲಿ ಮಾತ್ರ ಬೆಳಕು ಎಂದಾದರೆ ಕಂಬದ ಮೇಲೇನೋ ಆಗಿದೆ. ಇಡೀ ಬೀದಿ ಕತ್ತಲಾದರೆ ಟ್ರಾನ್ಸ್‌ಫಾರ್ಮರು, ಊರಿಗೆ ಊರೇ ಕತ್ತಲಾದರೆ ಸಬ್‌ಸ್ಟೇಷನ್ನು. ವಿದ್ಯುತ್ ಶಾಸ್ತ್ರದ ಗಂಧಗಾಳಿ ಇಲ್ಲದ ಅಜ್ಜಿ ಕೂಡ ಈ ತರ್ಕವನ್ನು ತಪ್ಪಿಲ್ಲದೆ ಮಾಡುತ್ತಾಳೆ. ಯಾವ ಮನೆಗೆ ಯಾವ ಕಂಬ, ಯಾವ ಕಂಬಕ್ಕೆ ಯಾವ ಟ್ರಾನ್ಸ್‌ಫಾರ್ಮರು ಎಂಬ ನಕ್ಷೆ ಆಕೆಯ ತಲೆಯಲ್ಲಿದೆ. ಗುಟ್ಟು ಇರುವುದು ಅಲ್ಲಿ.

ಈಗ ಒಂದು ವಿಚಿತ್ರ ಊರನ್ನು ಊಹಿಸಿಕೊಳ್ಳಿ. ಅಲ್ಲಿ ಹತ್ತಾರು ಸಾವಿರ ಮನೆಗಳು. ಯಾವ ಮನೆಯೂ ಒಂದೇ ಜಾಗದಲ್ಲಿ ಹೆಚ್ಚು ಕಾಲ ನಿಲ್ಲುವುದಿಲ್ಲ. ಒಂದು ಕುಸಿದರೆ ಕೆಲವೇ ಕ್ಷಣಗಳಲ್ಲಿ ಇನ್ನೊಂದು ಬೀದಿಯಲ್ಲಿ ಅದರ ಪಡಿಯಚ್ಚು ಎದ್ದು ನಿಲ್ಲುತ್ತದೆ. ಮನೆಯ ನಂಬರು ಬದಲಾಗುತ್ತದೆ. ಯಾರೂ ಮುಟ್ಟದೆಯೇ ತಂತಿಗಳು ಹೊಸ ಮನೆಯ ಕಡೆಗೆ ಹೊರಳಿಕೊಳ್ಳುತ್ತವೆ. ಇಂಥ ಊರಿನಲ್ಲಿ ಕರೆಂಟು ಹೋದರೆ ಲೈನ್‌ಮನ್ ಯಾವ ಕಂಬ ಹತ್ತಬೇಕು? ಇದು ಕಟ್ಟುಕತೆಯಲ್ಲ. ಬ್ಯಾಂಕು, ಟಿಕೆಟ್ಟು, ತರಕಾರಿ, ಟ್ಯಾಕ್ಸಿ ಎಲ್ಲವನ್ನೂ ಮೊಬೈಲಿಗೆ ತಂದಿಟ್ಟಿರುವ ಇಂದಿನ ಅನೇಕ ಕಂಪ್ಯೂಟರು ವ್ಯವಸ್ಥೆಗಳು ಇರುವುದೇ ಹೀಗೆ. ಅವಕ್ಕೆ ಕಂಟೇನರ್ ಕ್ಲಸ್ಟರ್ ಎಂದು ಹೆಸರು.

2023ರ ಮಾರ್ಚ್ 14ರಂದು ಅಮೆರಿಕದ ‘ರೆಡ್ಡಿಟ್’ ಎಂಬ ಜಾಲತಾಣ ಇಂಥದೇ ಕತ್ತಲಲ್ಲಿ ಮುಳುಗಿತು. ದಿನವೂ ಕೋಟಿಗಟ್ಟಲೆ ಜನ ಹರಟೆಗೆ, ಚರ್ಚೆಗೆ ಸೇರುವ ಕಟ್ಟೆ ಅದು. ಗಣಿತಪ್ರಿಯರು ಆ ತಾರೀಖನ್ನು 3.14 ಎಂದು ಓದಿ ‘ಪೈ ದಿನ’ವೆಂದು ಆಚರಿಸುತ್ತಾರೆ. ಕಾಕತಾಳೀಯ ನೋಡಿ, ತಾಣ ಕೆಟ್ಟು ಕುಳಿತದ್ದೂ 314 ನಿಮಿಷ. ಅಂದರೆ 5 ಗಂಟೆ 14 ನಿಮಿಷ. ಯಂತ್ರ ಸುಟ್ಟಿರಲಿಲ್ಲ, ಕಳ್ಳರು ನುಗ್ಗಿರಲಿಲ್ಲ. ಒಂದು ಲೇಬಲ್ಲು ಅಳಿಸಿಹೋಗಿತ್ತು, ಅಷ್ಟೆ. ಒಂದು ಲೇಬಲ್ಲು ಹೋದರೆ ಇಡೀ ತಾಣ ಏಕೆ ಕುಸಿಯಬೇಕು? ಅದು ತಿಳಿಯಬೇಕಾದರೆ ಮೊದಲು ಕಂಟೇನರಿನ ಕತೆ ತಿಳಿಯಬೇಕು.

ಪೆಟ್ಟಿಗೆಯೊಳಗೆ ತಂತ್ರಾಂಶ

ಕಂಟೇನರ್ ಎಂಬುದು ಮೂಲತಃ ಹಡಗಿನ ಮಾತು. 1956ರ ಏಪ್ರಿಲ್ 26ರಂದು ‘ಐಡಿಯಲ್ ಎಕ್ಸ್’ ಎಂಬ ಹಡಗು ಅಮೆರಿಕದ ನ್ಯೂಆರ್ಕ್ ಬಂದರಿನಿಂದ ಹ್ಯೂಸ್ಟನ್ನಿಗೆ 58 ಲೋಹದ ಪೆಟ್ಟಿಗೆಗಳನ್ನು ಹೊತ್ತು ಹೊರಟಿತು. ಲಾರಿ ಸಾಗಣೆಯ ವ್ಯಾಪಾರದಿಂದ ಮೇಲೆ ಬಂದಿದ್ದ ಮಾಲ್ಕಂ ಮೆಕ್ಲೀನ್ ಎಂಬಾತನ ಸಾಹಸ ಅದು. ಅಲ್ಲಿಯವರೆಗೆ ಮೂಟೆ, ಪೀಪಾಯಿ, ಗೋಣಿಚೀಲಗಳನ್ನು ಒಂದೊಂದಾಗಿ ಹೊತ್ತು ಹಡಗಿಗೆ ತುಂಬುತ್ತಿದ್ದರು. ಪೆಟ್ಟಿಗೆ ಬಂದ ಮೇಲೆ ಒಳಗೆ ಏನಿದೆ ಎಂಬ ಚಿಂತೆ ಕ್ರೇನಿಗೆ ಬೇಡವಾಯಿತು. ಪೆಟ್ಟಿಗೆಯ ಅಳತೆ ಒಂದೇ ಆಗಿದ್ದರೆ ಸಾಕು, ಲಾರಿ, ರೈಲು, ಹಡಗು ಎಲ್ಲದರ ಮೇಲೂ ಕೂರುತ್ತದೆ.

ತಂತ್ರಾಂಶದ ಲೋಕಕ್ಕೂ ಇದೇ ಉಪಾಯ ಬಂತು. ಬರೆದವನ ಕಂಪ್ಯೂಟರಿನಲ್ಲಿ ಚೆನ್ನಾಗಿ ಓಡುವ ತಂತ್ರಾಂಶ ಇನ್ನೊಬ್ಬನ ಕಂಪ್ಯೂಟರಿನಲ್ಲಿ ಮುಗ್ಗರಿಸುವುದು ಈ ವೃತ್ತಿಯ ಹಳೆಯ ರೋಗ. ತಂತ್ರಾಂಶವನ್ನೂ ಅದಕ್ಕೆ ಬೇಕಾದ ಸಕಲ ಸಾಮಗ್ರಿಯನ್ನೂ ಒಂದೇ ಪೆಟ್ಟಿಗೆಯಲ್ಲಿ ಕಟ್ಟಿ ಕಳಿಸಿದರೆ? 2013ರ ಮಾರ್ಚಿಯಲ್ಲಿ ಅಮೆರಿಕದ ಸಾಂಟಾ ಕ್ಲಾರಾದಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಸಾಲೊಮನ್ ಹೈಕ್ಸ್ ಎಂಬ ತರುಣ ‘ಡಾಕರ್’ ಎಂಬ ಇಂಥ ಸಾಧನವನ್ನು ಕೆಲವೇ ನಿಮಿಷಗಳಲ್ಲಿ ತೋರಿಸಿದ. ಅದರ ಲಾಂಛನವೇ ಬೆನ್ನ ಮೇಲೆ ಪೆಟ್ಟಿಗೆಗಳನ್ನು ಹೊತ್ತ ತಿಮಿಂಗಿಲ.

ಒಂದೆರಡು ಪೆಟ್ಟಿಗೆಗಳಾದರೆ ಸರಿ, ಸಾವಿರಾರು ಪೆಟ್ಟಿಗೆಗಳನ್ನು ನೂರಾರು ಯಂತ್ರಗಳ ಮೇಲೆ ಜೋಡಿಸುವವರು ಯಾರು? ಯಾವುದಾದರೂ ನಿಂತುಹೋದರೆ ಎಬ್ಬಿಸುವವರು ಯಾರು? ಆ ಮೇಸ್ತ್ರಿಯೇ ‘ಕುಬರ್ನೆಟೀಸ್’. ಗೂಗಲ್ ಕಂಪನಿ 2014ರ ಜೂನ್‌ನಲ್ಲಿ ಇದನ್ನು ಪ್ರಕಟಿಸಿತು. 2015ರ ಜುಲೈಯಲ್ಲಿ ಮೊದಲ ಪೂರ್ಣ ಆವೃತ್ತಿ ಹೊರಬಂತು. ಹೆಸರು ಗ್ರೀಕ್ ಭಾಷೆಯದು, ಅರ್ಥ ಹಡಗಿನ ಚುಕ್ಕಾಣಿಗ. ಇಂಥ ಒಂದು ಕ್ಲಸ್ಟರಿನಲ್ಲಿ 5,000 ಯಂತ್ರಗಳವರೆಗೆ, 1,50,000 ‘ಪಾಡ್’ಗಳವರೆಗೆ ಇಡಬಹುದೆಂದು ಕುಬರ್ನೆಟೀಸ್‌ನ ಅಧಿಕೃತ ಕೈಪಿಡಿ ಹೇಳುತ್ತದೆ. ಪಾಡ್ ಎಂದರೆ ಕಾಯಿಯ ಸಿಪ್ಪೆ ಎಂದೂ ಅರ್ಥವಿದೆ. ಅವರೆಕಾಯಿಯೊಳಗೆ ಒಂದೋ ಎರಡೋ ಕಾಳು ಇರುವಂತೆ ಒಂದು ಪಾಡ್‌ನೊಳಗೆ ಒಂದೋ ಎರಡೋ ಕಂಟೇನರು.

ಈ ಚುಕ್ಕಾಣಿಗನಿಗೆ ‘ಹೀಗೆ ಮಾಡು’ ಎಂದು ಹೇಳುವಂತಿಲ್ಲ, ‘ಹೀಗಿರಬೇಕು’ ಎಂದು ಬರೆದುಕೊಡಬೇಕು. ‘ಹಣಪಾವತಿಯ ಪಾಡ್ ಸದಾ ನಾಲ್ಕು ಇರಲಿ’ ಎಂದು ಬರೆದಿಟ್ಟರೆ ಆಯಿತು. ಒಂದು ಸತ್ತರೆ ಇನ್ನೊಂದನ್ನು ಹುಟ್ಟಿಸುವುದು ಅದರ ಕೆಲಸ. ಹುಟ್ಟಿದ್ದು ಮತ್ತೆ ಮತ್ತೆ ಸಾಯುತ್ತಿದ್ದರೆ 10 ಸೆಕೆಂಡು, 20 ಸೆಕೆಂಡು, 40 ಸೆಕೆಂಡು ಎಂದು ಬಿಡುವನ್ನು ಇಮ್ಮಡಿಸುತ್ತ, ಕೊನೆಗೆ 5 ನಿಮಿಷಕ್ಕೊಮ್ಮೆಯಂತೆ ಬೇಸರವಿಲ್ಲದೆ ಎಬ್ಬಿಸುತ್ತಲೇ ಇರುತ್ತದೆ. ಆಳುಗಳ ಈ ನಿಷ್ಠೆಯೇ ಯಜಮಾನನಿಗೆ ಕೆಲವೊಮ್ಮೆ ತೊಡಕು. ಎಲ್ಲವೂ ತನ್ನಷ್ಟಕ್ಕೆ ಬದಲಾಗುವ ಊರಿನಲ್ಲಿ ಕೆಟ್ಟದ್ದೇನು ಎಂದು ಹುಡುಕುವುದು ಕಷ್ಟ.

ಚುಕ್ಕಿ ಮತ್ತು ಗೆರೆ

ಕ್ಲಸ್ಟರಿನ ಸ್ಥಿತಿ ಕೇಳಿದರೆ ಕಂಪ್ಯೂಟರು ಕೊಡುವ ಮಾಮೂಲಿ ಉತ್ತರ ಒಂದು ಪಟ್ಟಿ. ಪಾಡ್‌ಗಳ ಪಟ್ಟಿ, ಯಂತ್ರಗಳ ಪಟ್ಟಿ, ಸರ್ವೀಸುಗಳ ಪಟ್ಟಿ, ಗುಟ್ಟಿನ ಪದಗಳ ಪಟ್ಟಿ. ಒಂದೊಂದೂ ನೂರಾರು ಸಾಲು. ಪಟ್ಟಿಯ ಗುಣ ಏನೆಂದರೆ ಅದು ಏನೇನು ಇದೆ ಎಂದು ಹೇಳುತ್ತದೆ. ಅದರ ದೋಷ ಏನೆಂದರೆ ಯಾವುದು ಯಾವುದನ್ನು ನೆಚ್ಚಿದೆ ಎಂದು ಹೇಳುವುದಿಲ್ಲ. ಮತದಾರರ ಪಟ್ಟಿ ಓದಿ ಊರಿನ ನೆಂಟಸ್ತಿಕೆ ತಿಳಿಯಲು ಹೊರಟಂತೆ. ಹೆಸರುಗಳೇನೋ ಎಲ್ಲ ಇವೆ. ಯಾರು ಯಾರಿಗೆ ಬೀಗರು ಎಂಬುದು ಇಲ್ಲ.

ಈ ಕೊರತೆಯನ್ನು ತುಂಬುವುದೇ ಚಿತ್ರರೂಪದ ಗ್ರಾಫ್ ಸಾಧನಗಳ ಕೆಲಸ. ಗ್ರಾಫ್ ಎಂದೊಡನೆ ಶಾಲೆಯಲ್ಲಿ ಚೌಕಳಿ ಕಾಗದದ ಮೇಲೆ ಏರಿಳಿಯುತ್ತಿದ್ದ ಗೆರೆ ನೆನಪಾಗಬಹುದು. ಇದು ಅದಲ್ಲ. ಗಣಿತಜ್ಞರ ಈ ಗ್ರಾಫ್ ಹೆಚ್ಚು ಹತ್ತಿರವಾಗಿರುವುದು ಅಂಗಳದ ಚುಕ್ಕಿ ರಂಗೋಲಿಗೆ. ಒಂದಿಷ್ಟು ಚುಕ್ಕಿಗಳು, ಅವುಗಳನ್ನು ಜೋಡಿಸುವ ಗೆರೆಗಳು, ಮುಗಿಯಿತು. ಕ್ಯೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನು ಒಂದೊಂದನ್ನು ಒಮ್ಮೆ ಮಾತ್ರ ದಾಟಿ ಸುತ್ತಿ ಬರಲು ಸಾಧ್ಯವೇ ಎಂಬ ಒಗಟನ್ನು ಆಯ್ಲರ್ ಎಂಬ ಮಹಾ ಗಣಿತಜ್ಞ 1736ರ ಸುಮಾರಿಗೆ ಬಿಡಿಸಿದ್ದು ಈ ದೃಷ್ಟಿಯಿಂದಲೇ. ನೆಲದ ತುಂಡುಗಳನ್ನು ಚುಕ್ಕಿ, ಸೇತುವೆಗಳನ್ನು ಗೆರೆ ಎಂದು ತಿಳಿದರೆ ಸಾಕು. ಯಾವ ಚುಕ್ಕಿಗೆ ಎಷ್ಟು ಗೆರೆ ಎಂದು ಎಣಿಸಿದರೆ ‘ಸಾಧ್ಯವಿಲ್ಲ’ ಎಂಬ ಉತ್ತರ ತಾನಾಗಿ ಬರುತ್ತದೆ.

ದೂರ, ದಿಕ್ಕು, ಆಕಾರ ಎಲ್ಲವನ್ನೂ ಬಿಟ್ಟು ಜೋಡಣೆಯೊಂದನ್ನೇ ಉಳಿಸಿಕೊಳ್ಳುವ ಚಿತ್ರ ಎಷ್ಟು ಉಪಕಾರಿ ಎಂಬುದನ್ನು ಲಂಡನ್ನಿನ ನೆಲದಡಿಯ ರೈಲು ತೋರಿಸಿಕೊಟ್ಟಿತು. ಹ್ಯಾರಿ ಬೆಕ್ ಎಂಬ ನಕ್ಷೆಗಾರ ಬರೆದ ಅಲ್ಲಿಯ ಮಾರ್ಗದ ಚಿತ್ರ 1933ರಲ್ಲಿ ಪ್ರಯಾಣಿಕರ ಕೈಗೆ ಬಂದಾಗ ಅದರಲ್ಲಿ ಮೈಲಿಗಳ ಲೆಕ್ಕ ಇರಲಿಲ್ಲ. ಎಲ್ಲಿ ಹತ್ತಬೇಕು, ಎಲ್ಲಿ ಬದಲಿಸಬೇಕು ಎಂಬುದಷ್ಟೇ ಇತ್ತು. ಪ್ರಯಾಣಿಕನಿಗೆ ಬೇಕಾದದ್ದೂ ಅಷ್ಟೇ. ಕ್ಲಸ್ಟರಿನ ಗ್ರಾಫ್‌ನಲ್ಲೂ ಹೀಗೆಯೇ. ಯಂತ್ರ ಮುಂಬೈಯಲ್ಲಿದೆಯೋ ಸಿಂಗಪುರದಲ್ಲಿದೆಯೋ ಎಂಬುದು ಮುಖ್ಯವಲ್ಲ. ಯಾರ ಕೈ ಯಾರ ಹೆಗಲ ಮೇಲಿದೆ ಎಂಬುದು ಮುಖ್ಯ.

ಇಲ್ಲದ ಗೆರೆ

ಒಂದು ಉದಾಹರಣೆ ನೋಡೋಣ. ಮನೆಗೆ ಕಿರಾಣಿ ಸಾಮಾನು ತಲುಪಿಸುವ ಒಂದು ಆ್ಯಪ್ ಇದೆ ಎಂದಿಟ್ಟುಕೊಳ್ಳಿ. ಆರ್ಡರು ತೆಗೆದುಕೊಳ್ಳಲು ಒಂದು ತಂತ್ರಾಂಶ, ದಾಸ್ತಾನು ನೋಡಲು ಒಂದು, ಹಣ ಪಡೆಯಲು ಒಂದು. ಪ್ರತಿಯೊಂದಕ್ಕೂ ನಾಲ್ಕಾರು ಪಾಡ್‌ಗಳು. ಪಾಡ್‌ಗಳು ಹುಟ್ಟಿ ಸಾಯುವುದರಿಂದ ಅವುಗಳ ವಿಳಾಸ ನಂಬುವಂತಿಲ್ಲ. ಅದಕ್ಕಾಗಿ ಪ್ರತಿ ಗುಂಪಿನ ಮುಂದೆ ‘ಸರ್ವೀಸ್’ ಎಂಬ ಸ್ಥಿರವಾದ ಕೌಂಟರು. ‘ಹಣ’ ಎಂಬ ಲೇಬಲ್ಲು ಅಂಟಿಸಿಕೊಂಡ ಪಾಡ್‌ಗಳು ಎಲ್ಲೇ ಇರಲಿ, ಅವಕ್ಕೆ ಕೆಲಸ ಹಂಚುವುದು ಆ ಕೌಂಟರಿನ ಹೊಣೆ.

ಒಂದು ಸಂಜೆ ಯಾರೋ ಹೊಸ ಆವೃತ್ತಿ ಏರಿಸುವಾಗ ಪಾಡ್‌ಗಳ ಲೇಬಲ್ಲನ್ನು ‘ಹಣ’ದಿಂದ ‘ಹಣಪಾವತಿ’ ಎಂದು ಬದಲಿಸಿದರು. ಕೌಂಟರಿನವನಿಗೆ ಹೇಳಲು ಮರೆತರು. ಈಗ ಪಟ್ಟಿ ನೋಡಿ. ಪಾಡ್‌ಗಳೆಲ್ಲ ‘ಓಡುತ್ತಿವೆ’, ಸರ್ವೀಸ್ ‘ಇದೆ’, ಯಂತ್ರಗಳು ‘ಸಿದ್ಧ’. ಆದರೂ ಒಬ್ಬ ಗಿರಾಕಿಗೂ ಹಣ ಕಟ್ಟಲು ಆಗುತ್ತಿಲ್ಲ. ದೂರು ದಾಖಲಾಗುವುದು ಆರ್ಡರು ತಂತ್ರಾಂಶದ ದಿನಚರಿಯಲ್ಲಿ. ಏಕೆಂದರೆ ಕೂಗಿ ಕರೆದು ಉತ್ತರ ಸಿಗದೆ ಸೋತದ್ದು ಅದು. ಹಣದ ಪಾಡ್‌ಗಳ ದಿನಚರಿಯಲ್ಲಿ ಒಂದಕ್ಷರವೂ ಇಲ್ಲ, ಅವುಗಳನ್ನು ಯಾರೂ ಕೇಳಿಯೇ ಇಲ್ಲ. ಪಟ್ಟಿ ಹಿಡಿದು ಹೊರಟವರು ಗಂಟೆಗಟ್ಟಲೆ ಆರ್ಡರಿನ ಬೆನ್ನು ಹತ್ತುತ್ತಾರೆ.

ಅದೇ ಕ್ಲಸ್ಟರನ್ನು ಚುಕ್ಕಿ ಗೆರೆಗಳಲ್ಲಿ ಬಿಡಿಸಿದರೆ ಒಂದೇ ನೋಟಕ್ಕೆ ಕಣ್ಣು ಕುಟುಕುತ್ತದೆ. ಉಳಿದ ಕೌಂಟರುಗಳಿಂದ ಪಾಡ್‌ಗಳ ಕಡೆಗೆ ಬೀಸಣಿಗೆಯಂತೆ ಗೆರೆಗಳು ಹರಡಿವೆ. ಹಣದ ಕೌಂಟರಿನಿಂದ ಒಂದೂ ಹೊರಟಿಲ್ಲ. ರಂಗೋಲಿಯಲ್ಲಿ ಒಂದು ಚುಕ್ಕಿ ಬಿಟ್ಟುಹೋದರೆ ಬಾಗಿಲಿಗೆ ಬಂದ ನೆಂಟರಿಗೂ ಕಾಣುವ ಹಾಗೆ. ಕ್ಲಸ್ಟರಿನ ಎಷ್ಟೋ ದೋಷಗಳು ಚುಕ್ಕಿಗಳಲ್ಲಿ ಇರುವುದೇ ಇಲ್ಲ, ಎರಡು ಚುಕ್ಕಿಗಳ ನಡುವೆ ಇರುತ್ತವೆ. ಪಟ್ಟಿಯಲ್ಲಿ ‘ನಡುವೆ’ ಎಂಬ ಜಾಗವೇ ಇಲ್ಲ. ಚಿತ್ರದಲ್ಲಿ ಇದೆ.

ಕೆಂಪು ದಾರಿಯ ಕೊನೆ

ಇನ್ನೊಂದು ಬಗೆಯ ಕೇಡು ಇದಕ್ಕೆ ವಿರುದ್ಧ. ಒಂದೇ ಏಟಿಗೆ 40 ಪಾಡ್‌ಗಳು ಕೆಡುತ್ತವೆ. ಪಟ್ಟಿಯಲ್ಲಿ 40 ಸಾಲು ಕೆಂಪು. 40 ರೋಗಗಳೇನೋ ಎಂದು ಎದೆ ಡವಗುಟ್ಟುತ್ತದೆ. ಚಿತ್ರದಲ್ಲಿ ನೋಡಿದರೆ ಆ 40ರಿಂದಲೂ ಹೊರಟ ಗೆರೆಗಳು ಒಂದೇ ಚುಕ್ಕಿಯಲ್ಲಿ ಕೂಡುತ್ತವೆ. ಅದು ಅವಧಿ ಮುಗಿದ ಒಂದು ಪಾಸ್‌ವರ್ಡ್ ಇರಬಹುದು, ತುಂಬಿಹೋದ ಒಂದು ಡಿಸ್ಕ್ ಇರಬಹುದು, ಸುಸ್ತಾದ ಒಂದು ಯಂತ್ರ ಇರಬಹುದು. ಬೀದಿಗೆ ಬೀದಿಯೇ ಕತ್ತಲಾದರೆ ಮನೆ ಮನೆಯ ಫ್ಯೂಸು ತೆಗೆದು ನೋಡುವವರುಂಟೇ? ಟ್ರಾನ್ಸ್‌ಫಾರ್ಮರಿನ ಬುಡಕ್ಕೇ ಹೋಗುತ್ತಾರೆ.

ಕೆಂಪು ಬಣ್ಣ ಹರಡುವ ದಿಕ್ಕಿಗೂ ಒಂದು ನಿಯಮ ಇದೆ. ಆರ್ಡರು ಹಣವನ್ನು ಕೇಳುತ್ತದೆ, ಹಣ ಬ್ಯಾಂಕಿನ ಸಂಪರ್ಕವನ್ನು ಕೇಳುತ್ತದೆ ಎಂದಾದರೆ ಬಾಣಗಳು ಆ ದಿಕ್ಕಿಗೆ. ದೋಷ ಮಾತ್ರ ಬಾಣದ ಎದುರು ದಿಕ್ಕಿಗೆ ಏರಿ ಬರುತ್ತದೆ. ಬ್ಯಾಂಕಿನ ಸಂಪರ್ಕ ಕೆಟ್ಟರೆ ಹಣ ಕೆಡುತ್ತದೆ, ಹಣ ಕೆಟ್ಟರೆ ಆರ್ಡರು ಕೆಡುತ್ತದೆ, ಗಿರಾಕಿಗೆ ಕಾಣುವುದು ಆರ್ಡರು ಮಾತ್ರ. ಆದ್ದರಿಂದ ಕೆಂಪಾದ ಬಾಣಗಳನ್ನು ಹಿಡಿದು ಮುಂದೆ ಮುಂದೆ ಹೋಗಬೇಕು. ತಾನು ಕೆಂಪಾಗಿದ್ದು, ತಾನು ನೆಚ್ಚಿದವರೆಲ್ಲ ಹಸಿರಾಗಿರುವ ಚುಕ್ಕಿ ಎಲ್ಲಿ ಸಿಗುತ್ತದೋ ಅಲ್ಲಿ ನಿಂತು ಅದರ ದಿನಚರಿಯನ್ನು ತೆರೆಯಬೇಕು. ಚಿತ್ರ ಕೊಡುವುದು ಸಂಶಯ, ದಿನಚರಿ ಕೊಡುವುದು ಸಾಕ್ಷ್ಯ. ಎರಡೂ ಬೇಕು.

ಈ ನಿಯಮಕ್ಕೂ ಅಪವಾದ ಉಂಟು. ಉತ್ತರ ಬಾರದಿದ್ದರೆ ಮತ್ತೆ ಕೇಳು ಎಂದು ತಂತ್ರಾಂಶಗಳಿಗೆ ಕಲಿಸಿರುತ್ತಾರೆ. ಒಂದರ ಹಿಂದೆ ಒಂದು ಮೂರು ಮೆಟ್ಟಿಲುಗಳು, ಪ್ರತಿಯೊಂದೂ ಮೂರು ಸಲ ಪ್ರಯತ್ನಿಸುತ್ತದೆ ಅನ್ನಿ. ಮೇಲೆ ಗಿರಾಕಿ ಗುಂಡಿ ಒತ್ತಿದ್ದು ಒಂದು ಸಲ. ತಳದಲ್ಲಿರುವ ಪಾಪದ ತಂತ್ರಾಂಶದ ಬಾಗಿಲು ಬಡಿಯುವುದು 27 ಸಲ. ಅಲ್ಲಿ ಕೊನೆಯ ಕೆಂಪು ಚುಕ್ಕಿ ಅಪರಾಧಿಯಲ್ಲ, ತುಳಿತಕ್ಕೆ ಸಿಕ್ಕಿದವನು. ಗೆರೆಗಳ ಮೇಲಿನ ದಟ್ಟಣೆಯನ್ನೂ ತೋರಿಸುವ ಸಾಧನವಾದರೆ ಇದು ಕೂಡ ಕಾಣುತ್ತದೆ. ಬಾಗಿಲಲ್ಲಿ ಸಣ್ಣಗೆ ಒಳಹೊಕ್ಕ ಜನಸಂದಣಿ ಹಿತ್ತಲಲ್ಲಿ ಜಾತ್ರೆಯಾಗಿದ್ದರೆ ನಡುವೆ ಎಲ್ಲೋ ಗುಣಾಕಾರ ನಡೆದಿದೆ ಎಂದೇ ಅರ್ಥ.

ಗೆರೆ ಎಳೆಯುವವರು ಯಾರು?

ಇಂಥ ಚಿತ್ರ ಬರೆಯುವ ಸಾಧನಗಳು ಹಲವು. ಲಂಡನ್ನಿನ ವೀವ್‌ವರ್ಕ್ಸ್ ಕಂಪನಿಯ ‘ವೀವ್ ಸ್ಕೋಪ್’ 2015ರಲ್ಲಿ ಬಂದು ಅನೇಕರಿಗೆ ಈ ರುಚಿ ಹತ್ತಿಸಿತು. 2024ರಲ್ಲಿ ಆ ಕಂಪನಿಯೇ ಬಾಗಿಲು ಹಾಕಿತು. ಇಂಟ್ಯೂಟ್ ಕಂಪನಿಯಲ್ಲಿ ಹುಟ್ಟಿದ ‘ಆರ್ಗೋ ಸಿಡಿ’ ವಂಶವೃಕ್ಷದಂತೆ ಯಾವುದರಿಂದ ಯಾವುದು ಹುಟ್ಟಿತೆಂದು ತೋರಿಸುತ್ತದೆ. ಆರೋಗ್ಯವಾಗಿರುವುದಕ್ಕೆ ಹಸಿರು ಹೃದಯ, ಕೆಟ್ಟಿರುವುದಕ್ಕೆ ಒಡೆದ ಹೃದಯ, ಇರಬೇಕಾಗಿದ್ದು ಇಲ್ಲವಾದದ್ದಕ್ಕೆ ಪುಟ್ಟ ದೆವ್ವದ ಗುರುತು! ರೆಡ್ ಹ್ಯಾಟ್ ಕಂಪನಿಯ ತಂತ್ರಜ್ಞರು ಆರಂಭಿಸಿದ ‘ಕಿಯಾಲಿ’ ಎಂಬ ಸಾಧನದ ಹೆಸರಿಗೆ ಗ್ರೀಕ್‌ನಲ್ಲಿ ದುರ್ಬೀನು ಎಂದರ್ಥ. ಯಾರಿಂದ ಯಾರಿಗೆ ಎಷ್ಟು ಸಂಚಾರ ನಡೆದಿದೆ ಎಂಬುದನ್ನು ಅದು ಓಡುವ ಚುಕ್ಕಿಗಳಾಗಿ ತೋರಿಸುತ್ತದೆ. ಈ ಮೂರೂ ಮುಕ್ತ ತಂತ್ರಾಂಶಗಳು, ಕೊಂಡುಕೊಳ್ಳಬೇಕಾಗಿಲ್ಲ.

ಸಾಧನ ಯಾವುದೇ ಇರಲಿ, ಕೇಳಬೇಕಾದ ಪ್ರಶ್ನೆ ಒಂದು: ಈ ಗೆರೆಯನ್ನು ಎಳೆದದ್ದು ಯಾವ ಆಧಾರದ ಮೇಲೆ? ಆಧಾರ ಮೂರು ಬಗೆ. ಮೊದಲನೆಯದು ಕಾಗದಪತ್ರ. ಅಂದರೆ ಕುಬರ್ನೆಟೀಸಿಗೆ ಬರೆದುಕೊಟ್ಟ ಒಕ್ಕಣೆಯನ್ನು ಓದಿ ಎಳೆದ ಗೆರೆ. ಎರಡನೆಯದು ಕಣ್ಣಾರೆ ಕಂಡದ್ದು. ನಿಜವಾಗಿ ಓಡಾಡಿದ ಸಂದೇಶಗಳನ್ನು ಗಮನಿಸಿ ಎಳೆದದ್ದು. ಕಿಯಾಲಿಯದು ಈ ಬಗೆ. ಮೂರನೆಯದು ಒಂದೊಂದು ಕೋರಿಕೆಯ ಬೆನ್ನು ಹತ್ತಿ ಎಳೆದದ್ದು. ರಿಜಿಸ್ಟರ್ಡ್ ಅಂಚೆಗೆ ನಂಬರು ಹಾಕುವಂತೆ ಪ್ರತಿ ಕೋರಿಕೆಗೂ ಒಂದು ನಂಬರು ಹಾಕಿ, ಅದು ಎಲ್ಲೆಲ್ಲಿ ಎಷ್ಟೆಷ್ಟು ಹೊತ್ತು ಕೂತಿತ್ತು ಎಂದು ಬರೆದಿಡುವುದು. ಗೂಗಲ್ ತನ್ನ ‘ಡ್ಯಾಪರ್’ ಎಂಬ ಇಂಥ ವ್ಯವಸ್ಥೆಯನ್ನು 2010ರಲ್ಲಿ ಪ್ರಬಂಧವೊಂದರಲ್ಲಿ ವಿವರಿಸಿತು. ಟ್ವಿಟರಿನ ‘ಜಿಪ್ಕಿನ್’, ಉಬರ್ ಕಂಪನಿಯ ‘ಯೇಗರ್’ ಅದೇ ದಾರಿಯಲ್ಲಿ ಬಂದವು.

ಅನುಭವಿಗಳು ಈ ಮೂರನ್ನೂ ಒಂದರ ಪಕ್ಕ ಒಂದಿಟ್ಟು ನೋಡುತ್ತಾರೆ. ಕಾಗದದಲ್ಲಿ ಗೆರೆ ಇದೆ, ಸಂಚಾರ ಇಲ್ಲ ಎಂದಾದರೆ ದಾರಿ ಎಲ್ಲೋ ಮುಚ್ಚಿದೆ. ಸಂಚಾರ ಇದೆ, ಕಾಗದದಲ್ಲಿ ಗೆರೆ ಇಲ್ಲ ಎಂದಾದರೆ ಯಾರೋ ಹಿತ್ತಲ ಬಾಗಿಲಿಂದ ಬರುತ್ತಿದ್ದಾರೆ. ಗ್ರಾಮಲೆಕ್ಕಿಗರ ಪಹಣಿಯಲ್ಲಿ ರಾಗಿ, ಹೊಲದಲ್ಲಿ ಕಬ್ಬು ಎಂಬಂತೆ. ಎರಡಕ್ಕೂ ತಾಳೆಯಾಗದ ಜಾಗದಲ್ಲೇ ತನಿಖೆ ಶುರುವಾಗಬೇಕು.

ಅಪರಾತ್ರಿಯ ಫೋನು

ಇದೆಲ್ಲ ಯಾರಿಗೆ ಬೇಕು ಎನ್ನುವವರಿಗೆ ಬೆಂಗಳೂರಿನ ಹೊರವರ್ತುಲ ರಸ್ತೆಯೇ ಉತ್ತರ. ಅಲ್ಲಿಯ ಕಚೇರಿಗಳ ಎಷ್ಟೋ ತರುಣ ತರುಣಿಯರು ಸರದಿಯ ಮೇಲೆ ‘ಆನ್ ಕಾಲ್’ ಇರುತ್ತಾರೆ. ಅಮೆರಿಕದ ಹಗಲು ಇಲ್ಲಿಯ ರಾತ್ರಿ. ಎರಡು ಗಂಟೆಗೆ ಫೋನು ಬಡಿದುಕೊಂಡರೆ ಎದ್ದು ಕಂಪ್ಯೂಟರು ತೆರೆಯಬೇಕು. ನಿದ್ದೆಗಣ್ಣಿಗೆ ಮುನ್ನೂರು ಸಾಲಿನ ಪಟ್ಟಿ ಓದಿ, ಅವುಗಳ ನಂಟನ್ನೆಲ್ಲ ತಲೆಯಲ್ಲೇ ಜೋಡಿಸಿ ತೀರ್ಮಾನಕ್ಕೆ ಬರುವುದು ಸುಲಭವಲ್ಲ. ಕೆಲಸಕ್ಕೆ ಸೇರಿ ಮೂರು ತಿಂಗಳಾದವರ ಪಾಡಂತೂ ಕೇಳುವುದೇ ಬೇಡ. ಹತ್ತು ವರ್ಷ ಅಲ್ಲೇ ಇದ್ದವರ ತಲೆಯಲ್ಲಿರುವ ನಕ್ಷೆ ಅವರ ಬಳಿ ಇಲ್ಲ. ಚಿತ್ರ ಆ ಅಂತರವನ್ನು ಒಂದಿಷ್ಟು ಕಡಿಮೆ ಮಾಡುತ್ತದೆ. ಹಿರಿಯರನ್ನು ಎಬ್ಬಿಸದೆ ಕಿರಿಯರೇ ದೋಷವನ್ನು ಮುಟ್ಟಲು ಅನುವು ಮಾಡಿಕೊಡುತ್ತದೆ.

ಹಾಗೆಂದು ಚಿತ್ರವೇ ಸರ್ವರೋಗಕ್ಕೆ ಮದ್ದೆಂದು ನಂಬಿದರೆ ಕೆಟ್ಟಂತೆ. ಸಾವಿರಾರು ಚುಕ್ಕಿಗಳನ್ನು ಒಟ್ಟಿಗೆ ಬಿಡಿಸಿದರೆ ಪರದೆಯ ಮೇಲೆ ಬರುವುದು ನಕ್ಷೆಯಲ್ಲ, ಬೆಕ್ಕು ಆಡಿಬಿಟ್ಟ ನೂಲಿನುಂಡೆ. ಕೆಟ್ಟ ಚುಕ್ಕಿಯನ್ನು ನಡುವೆ ಇಟ್ಟು, ಅದರಿಂದ ಒಂದು ಹೆಜ್ಜೆ, ಎರಡು ಹೆಜ್ಜೆ ದೂರದ ನೆರೆಹೊರೆಯನ್ನಷ್ಟೇ ತೋರಿಸು ಎಂದು ಕೇಳುವುದು ಜಾಣತನ. ಇಲ್ಲವೇ ಕ್ಲಸ್ಟರಿನ ಒಂದು ಕೇರಿಯನ್ನು ಮಾತ್ರ ಆರಿಸಿಕೊಳ್ಳಬೇಕು.

ಕಾಲದ ತೊಡಕು ಇನ್ನೊಂದು. ಚಿತ್ರ ತೋರಿಸುವುದು ಈ ಗಳಿಗೆಯ ಸ್ಥಿತಿ. ಕೇಡು ನಡೆದದ್ದು ಮೂರು ಗಂಟೆಯ ಹಿಂದೆ ಎಂದಾದರೆ ಸತ್ತ ಪಾಡ್‌ಗಳ ಜಾಗದಲ್ಲಿ ಹೊಸವು ಬಂದು, ಹಸಿರು ಬಣ್ಣ ಬಳಿದುಕೊಂಡು ಮುಗ್ಧವಾಗಿ ಕೂತಿರುತ್ತವೆ. ಕುಬರ್ನೆಟೀಸ್ ತಾನು ಕಂಡ ಘಟನೆಗಳನ್ನು, ಬೇರೆ ಅಪ್ಪಣೆ ಇಲ್ಲದಿದ್ದರೆ, ಒಂದು ಗಂಟೆ ಮಾತ್ರ ಇಟ್ಟುಕೊಂಡು ಎಸೆದುಬಿಡುತ್ತದೆ. ಸಂಚಾರ ನೋಡಿ ಬಿಡಿಸುವ ಚಿತ್ರದಲ್ಲಿ ಬೆಳಗಿನ ಜಾವಕ್ಕೊಮ್ಮೆ ಮಾತ್ರ ಓಡುವ ಲೆಕ್ಕಪತ್ರದ ತಂತ್ರಾಂಶ ಮಧ್ಯಾಹ್ನ ಕಾಣುವುದೇ ಇಲ್ಲ. ಹಿಂದಿನ ಸ್ಥಿತಿಯನ್ನು ಬೇರೆಡೆ ಕಾಪಿಟ್ಟುಕೊಳ್ಳದಿದ್ದರೆ ಅತಿ ಸುಂದರ ಚಿತ್ರವೂ ಅಪಘಾತ ಕಳೆದ ಮೇಲೆ ಗುಡಿಸಿ ಸಾರಿಸಿದ ರಸ್ತೆಯಂತೆ.

ಯಾರೂ ಎಳೆಯದ ಗೆರೆ

ಎಲ್ಲಕ್ಕಿಂತ ದೊಡ್ಡ ಮಿತಿಯನ್ನು ತೋರಿಸಿಕೊಟ್ಟದ್ದು ರೆಡ್ಡಿಟ್ಟಿನ ಆ 314 ನಿಮಿಷಗಳು. ಅಲ್ಲಿಯ ತಂತ್ರಜ್ಞರು ಘಟನೆಯ ವಿವರವನ್ನು ಮುಚ್ಚುಮರೆಯಿಲ್ಲದೆ ಪ್ರಕಟಿಸಿದ್ದಾರೆ. ಅಂದು ಅವರು ಮಾಡಹೊರಟಿದ್ದು ಕುಬರ್ನೆಟೀಸನ್ನು 1.23ನೇ ಆವೃತ್ತಿಯಿಂದ 1.24ಕ್ಕೆ ಏರಿಸುವ ಮಾಮೂಲಿ ಕೆಲಸ. ಏರಿಸಿದ್ದೇ ತಡ, ತಾಣ ನಿಂತಿತು.

ಆದದ್ದಿಷ್ಟು. ಕ್ಲಸ್ಟರಿನಲ್ಲಿ ಮೇಲ್ವಿಚಾರಣೆ ಮಾಡುವ ಯಂತ್ರಗಳಿಗೆ ಮೊದಲಿನಿಂದ ‘ಮಾಸ್ಟರ್’ ಎಂಬ ಲೇಬಲ್ಲು ಇತ್ತು. ಒಡೆಯ ಮತ್ತು ಗುಲಾಮ ಎಂಬ ಭಾವ ಬರುವ ಮಾತು ಬೇಡವೆಂದು 2020ರ ಕೊನೆಗೆ ಬಂದ 1.20ನೇ ಆವೃತ್ತಿಯಿಂದ ‘ಕಂಟ್ರೋಲ್ ಪ್ಲೇನ್’ ಎಂಬ ಹೊಸ ಲೇಬಲ್ಲನ್ನೂ ಅಂಟಿಸತೊಡಗಿದರು. 2022ರ ಮೇಯಲ್ಲಿ ಬಂದ 1.24ರಲ್ಲಿ ಹಳೆಯದನ್ನು ಕಿತ್ತೇ ಹಾಕಿದರು. ಇತ್ತ ರೆಡ್ಡಿಟ್ಟಿನ ಆ ಕ್ಲಸ್ಟರಿನಲ್ಲಿ ಪಾಡ್‌ಗಳ ನಡುವೆ ದಾರಿ ಹಾಕಿಕೊಡುತ್ತಿದ್ದುದು ‘ಕ್ಯಾಲಿಕೊ’ ಎಂಬ ಜಾಲ ತಂತ್ರಾಂಶ. ಯಾವ ಪಾಡ್ ಎಲ್ಲಿದೆ ಎಂಬ ಸುದ್ದಿಯನ್ನು ಎಲ್ಲ ಯಂತ್ರಗಳಿಗೂ ಹಂಚಲು ಕೆಲವು ಯಂತ್ರಗಳನ್ನು ಡಂಗುರದವರಂತೆ ನೇಮಿಸಲಾಗಿತ್ತು. ವರ್ಷಗಳ ಹಿಂದೆ, ಈಗಿನ ತಂಡಕ್ಕಿಂತ ಮೊದಲಿದ್ದವರು ಮಾಡಿದ ವ್ಯವಸ್ಥೆ ಅದು. ನೇಮಕದ ಆದೇಶದಲ್ಲಿ ಬರೆದಿದ್ದ ಗುರುತು: ‘ಮಾಸ್ಟರ್ ಲೇಬಲ್ಲು ಇರುವ ಯಂತ್ರಗಳು’.

ಲೇಬಲ್ಲು ಹೋಯಿತು, ಆದೇಶಕ್ಕೆ ಹೊಂದುವ ಯಂತ್ರ ಒಂದೂ ಉಳಿಯಲಿಲ್ಲ, ಡಂಗುರ ನಿಂತಿತು, ಯಾರಿಗೆ ಯಾರು ಎಲ್ಲಿದ್ದಾರೆಂದು ತಿಳಿಯದಾಯಿತು. ಹಳೆಯ ಆವೃತ್ತಿಗೆ ಹಿಂದಿರುಗಲು ಕುಬರ್ನೆಟೀಸ್‌ನಲ್ಲಿ ಆಗ ಅಧಿಕೃತ ದಾರಿ ಇರಲಿಲ್ಲ. ಕೊನೆಗೆ ಕಾಪಿಟ್ಟಿದ್ದ ಪ್ರತಿಯಿಂದ ಕ್ಲಸ್ಟರಿನ ಮೇಲ್ವಿಚಾರಣೆಯ ಭಾಗವನ್ನೇ ಮತ್ತೆ ಕಟ್ಟಬೇಕಾಯಿತು.

ಕಿರಾಣಿ ಆ್ಯಪ್ಪಿನ ಕೌಂಟರಿಗೆ ಆದದ್ದೇ ಇದು. ಲೇಬಲ್ಲು ಬದಲಾಯಿತು, ಅದನ್ನು ನೆಚ್ಚಿದವರಿಗೆ ತಿಳಿಯಲಿಲ್ಲ. ಆದರೆ ಒಂದು ವ್ಯತ್ಯಾಸ ಇದೆ. ಸರ್ವೀಸಿನಿಂದ ಪಾಡ್‌ಗೆ ಗೆರೆ ಎಳೆಯುವುದನ್ನು ಪ್ರತಿಯೊಂದು ಗ್ರಾಫ್ ಸಾಧನವೂ ಕಲಿತಿರುತ್ತದೆ. ಜಾಲ ತಂತ್ರಾಂಶದ ಮೂಲೆಯ ಕಡತವೊಂದರಿಂದ ಯಂತ್ರದ ಲೇಬಲ್ಲಿಗೆ ಗೆರೆ ಎಳೆಯಬೇಕೆಂದು ಯಾರಾದರೂ ಪ್ರತ್ಯೇಕವಾಗಿ ಹೇಳಿಕೊಡದೆ ಅದು ಎಳೆಯುವುದಿಲ್ಲ. ಎಳೆಯದ ಗೆರೆ ಕಡಿದರೆ ಚಿತ್ರದಲ್ಲಿ ಏನೂ ಕಾಣುವುದಿಲ್ಲ. ಕಾಣುವುದು ಎಲ್ಲೆಲ್ಲೂ ಕೆಂಪು, ಅಷ್ಟೆ.

ಆದ್ದರಿಂದ ಚಿತ್ರದ ನಿಜವಾದ ಉಪಯೋಗ ಕೇಡಿನ ರಾತ್ರಿಗಿಂತ ಹೆಚ್ಚಾಗಿ ಸುಮ್ಮನಿರುವ ಮಧ್ಯಾಹ್ನಗಳಲ್ಲಿದೆ. ಎಲ್ಲವೂ ಹಸಿರಾಗಿರುವಾಗ ತಂಡದವರು ಕೂತು, ತಮ್ಮ ಕ್ಲಸ್ಟರಿನ ನಕ್ಷೆಯನ್ನು ಮೊದಲು ನೆನಪಿನಿಂದ ಕಾಗದದ ಮೇಲೆ ಬಿಡಿಸಬೇಕು. ಆಮೇಲೆ ಸಾಧನ ಬಿಡಿಸಿದ್ದರ ಪಕ್ಕ ಇಡಬೇಕು. ಸಾಧನದಲ್ಲಿದ್ದು ಕಾಗದದಲ್ಲಿ ಇಲ್ಲದ್ದು ಜನ ಮರೆತದ್ದು. ಕಾಗದದಲ್ಲಿದ್ದು ಸಾಧನದಲ್ಲಿ ಇಲ್ಲದ್ದು ಯಂತ್ರಕ್ಕೆ ಯಾರೂ ಹೇಳಿಕೊಡದ್ದು. ಎರಡರಲ್ಲೂ ಇಲ್ಲದ್ದೂ ಇರುತ್ತದೆ. ಅದು ಎಂದೋ ಕೆಲಸ ಬಿಟ್ಟು ಹೋದವರ ತಲೆಯಲ್ಲಿ ಮಾತ್ರ ಉಳಿದಿರುತ್ತದೆ.

ಕೆಲಸ ಬಿಡುವ ದಿನ ಗುರುತಿನ ಚೀಟಿ, ಲ್ಯಾಪ್‌ಟಾಪು, ಪಾಸ್‌ವರ್ಡುಗಳನ್ನು ಎಣಿಸಿ ವಾಪಸು ಪಡೆಯುವ ಪದ್ಧತಿ ಎಲ್ಲ ಕಚೇರಿಗಳಲ್ಲೂ ಇದೆ. ಅದರ ಜೊತೆಗೆ ‘ನಿಮಗೆ ಮಾತ್ರ ಗೊತ್ತಿರುವ ಗೆರೆಗಳು ಯಾವುವು?’ ಎಂದು ಕೇಳಿ ಬರೆಸಿಕೊಳ್ಳುವ ಒಂದು ಹಾಳೆಯನ್ನೂ ಸೇರಿಸಿದರೆ ಮುಂದಿನ ಸರದಿಯವರ ಎಷ್ಟೋ ರಾತ್ರಿಗಳ ನಿದ್ದೆ ಉಳಿದೀತು.